ಒಂದು ತೂತಿಗೆ ಒಂದು ವರ್ಷ

ಎರ್ಜುರುಮಿನ ತೊಗಲ ಬೀದಿಯಲ್ಲಿ ನನ್ನದೊಂದು ಗೂಡಂಗಡಿ;
ಬೆಲ್ಟು ಹೊಲಿಯುತ್ತೇನೆ, ಹಳೆಯದಕ್ಕೆ ತೂತು ಹೊಡೆಯುತ್ತೇನೆ.
ಹೊರಗಡೆಗೊಂದು ತೂತು ಬೇಕಾದವರು
ಬೆಲ್ಟನ್ನು ಕಾಗದದಲ್ಲಿ ಸುತ್ತಿ ತರುತ್ತಾರೆ, ಮಾತಾಡುವುದಿಲ್ಲ.
ಒಳಗಡೆಗೆ ಬೇಕಾದವರು ಬಾಗಿಲಲ್ಲೇ ಶುರು:
"ರಿಫ್ಕಿ ಉಸ್ತಾ, ಹೊಡಿ ಮೂರು!
ನಲವತ್ತು ದಿನ ಬರೀ ಸೌತೆಕಾಯಿ!"
ಮೂರೂ ಹೊಡೆದು ಕಾಸು ಎಣಿಸಿಕೊಳ್ಳುತ್ತೇನೆ.
ಹಿಮ ಕರಗುವಷ್ಟರಲ್ಲಿ ಅವರೇ ಬರುತ್ತಾರೆ,
ಕಾಗದದಲ್ಲಿ ಸುತ್ತಿಕೊಂಡು.

ನಗುವ ಹಕ್ಕು ನನಗಿಲ್ಲ.
ನೂರಾ ಹದಿನೆಂಟು ಕಿಲೋ ಇದ್ದೆ,
ಬಗ್ಗಿ ಬೂಟಿನ ಲಾಡಿ ಕಟ್ಟಿದರೆ ಕಿವಿಯಲ್ಲಿ ಸಮುದ್ರ;
ಸಮುದ್ರವನ್ನೇ ಕಾಣದ ಊರಿನವ ನಾನು.
ಮಂಡಿ ಒತ್ತಿ ನೋಡಿದ ತಣ್ಣನೆ ಬೆರಳಿನ ಡಾಕ್ಟರಮ್ಮ,
ನನ್ನ ಮಗಳಿಗಿಂತ ಚಿಕ್ಕವಳು, ಅಂದಳು:
"ಮೂಳೆ ಒಬ್ಬರದು ಚಿಕ್ಕಪ್ಪ, ಭಾರ ಮಾತ್ರ ಇಬ್ಬರದು."

ಹನ್ನೊಂದು ದಿನ ಎಲೆಕೋಸಿನ ಸಾರು.
ಹನ್ನೆರಡನೆಯ ರಾತ್ರಿ ಕತ್ತಲ ಅಡುಗೆಮನೆಯಲ್ಲಿ ನಿಂತು
ಅಕ್ರೋಟು ತುಂಬಿದ ಕದಾಯಿಫ್ ಸುರುಳಿ,
ಒಂದಲ್ಲ, ಎರಡಲ್ಲ, ತಟ್ಟೆಯ ಅರ್ಧ;
ಪಾಕ ಮೊಣಕೈವರೆಗೆ ಇಳಿದಿತ್ತು.
ದೀಪ ಹೊತ್ತಿತು. ನೆಜಾಕೆತ್.
ಬೈಯಲಿಲ್ಲ, ಅದೇ ನನಗೆ ಭಯ.
ಕಪಾಟಿನಿಂದ ಒಂದು ತಟ್ಟೆ ತೆಗೆದಳು, ಒಂದು ಫೋರ್ಕು,
ಕುರ್ಚಿ ಎಳೆದಳು:
"ತಿನ್ನುವುದಾದರೆ ಕೂತು ತಿನ್ನು.
ಕಳ್ಳನಿಗೆ ಹಸಿವು ತೀರುವುದಿಲ್ಲ."

ಅಷ್ಟೇ. ನನ್ನ ಇಡೀ ಪಥ್ಯ ಆ ಒಂದು ಮಾತು.
ನಿಂತು ತಿನ್ನುವುದಿಲ್ಲ. ಪೊಟ್ಟಣದಿಂದ, ಬಾಣಲೆಯಿಂದ ತಿನ್ನುವುದಿಲ್ಲ.
ಅದು ರೂಢಿಯಾಗಲು ಚಳಿಗಾಲವೊಂದು ಹಿಡಿಯಿತು,
ಆಮೇಲಷ್ಟೇ ಸಕ್ಕರೆ.
ನಮ್ಮಲ್ಲಿ ಅದನ್ನು ಚಹಾಕ್ಕೆ ಹಾಕಿ ಕದಡುವುದಿಲ್ಲ;
ಗಟ್ಟಿ ಚೂರು ಕಚ್ಚಿ, ದವಡೆಯಲ್ಲಿಟ್ಟು,
ಅದರ ಮೇಲೆ ಚಹಾ ಹಾಯಿಸುತ್ತೇವೆ.
ದಿನಕ್ಕೆ ಹದಿನೆಂಟು ಲೋಟ; ಚೂರುಗಳ ಲೆಕ್ಕ ಕೇಳಬೇಡಿ.
ಲೋಟ ಬಿಡಲಿಲ್ಲ,
ಚಹಾ ಬಿಟ್ಟವನನ್ನು ಈ ಊರು ಹೂಳಿಬಿಡುತ್ತದೆ.
ಒಂದು ಚೂರನ್ನು ಎರಡು ಲೋಟಕ್ಕೆ ಎಳೆದೆ,
ಆಮೇಲೆ ಮೂರಕ್ಕೆ. ನಾಲಗೆ ಗೊಣಗಿತು;
ಹಳೆ ಗಿರಾಕಿಯ ಹಾಗೆ ಗೊಣಗುತ್ತಲೇ ಒಪ್ಪಿಕೊಂಡಿತು.

ರೊಟ್ಟಿಯ ವಿಷಯ ಬೇರೆ.
ನೆಲಕ್ಕೆ ಬಿದ್ದ ರೊಟ್ಟಿಯನ್ನು ಎತ್ತಿ, ಮುತ್ತಿಟ್ಟು,
ಹಣೆಗೊತ್ತಿಕೊಳ್ಳುವ ಜನ ನಾವು;
ಬೇಡ ಅನ್ನಲು ಬಾಯಿ ಬರಲಿಲ್ಲ.
ನೆಜಾಕೆತ್ ರೊಟ್ಟಿಯ ಬುಟ್ಟಿಯನ್ನು ಮೇಜಿನಿಂದ ಕಿಟಕಿಗೆ ಸರಿಸಿದಳು.
ಎರಡು ಹೆಜ್ಜೆ ದೂರ.
ಎರಡು ಹೆಜ್ಜೆ ನಡೆಯುವಷ್ಟು ಹಸಿವು
ಎಷ್ಟೋ ಸಲ ಇರುವುದೇ ಇಲ್ಲವೆಂದು
ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಹಬ್ಬಕ್ಕೆ ತಿಂದೆ. ಮೊಮ್ಮಗನ ಸುನ್ನತಿಗೆ ತಿಂದೆ.
ಅಕ್ಕನ ಮನೆಯಲ್ಲಿ ಕೈ ಅಡ್ಡ ಹಿಡಿದರೆ
ಬೆರಳ ಸಂದಿಯಲ್ಲೇ ಬಡಿಸುತ್ತಾಳೆ; ಅದನ್ನೂ ತಿಂದೆ.
ಭಾವ ಸತ್ತಾಗ ಹಲ್ವದ ಬೋಗುಣಿಯ ಮುಂದೆ ಮೂರು ದಿನ ಕೂತೆ.
ನಾಲ್ಕನೆಯ ಬೆಳಿಗ್ಗೆ ಮತ್ತೆ ಆಲಿವು, ಟೊಮೆಟೊ, ಬೆಂದ ಮೊಟ್ಟೆ,
ಏನೂ ಆಗದ ಹಾಗೆ.
ಮೊದಲಾದರೆ "ಕೆಟ್ಟಿತಲ್ಲ, ಇನ್ನಷ್ಟು ಕೆಡಲಿ" ಅನ್ನುತ್ತಿದ್ದೆ.
ಒಂದು ಹೊಲಿಗೆ ತಪ್ಪಿತೆಂದು
ಇಡೀ ಬೆಲ್ಟನ್ನು ಯಾರಾದರೂ ಕತ್ತರಿಸಿ ಎಸೆಯುತ್ತಾರೆಯೇ?

ನಾಲ್ಕು ವರ್ಷ. ನಾಲ್ಕು ತೂತು.
ಯಾರೂ ಗಮನಿಸಲಿಲ್ಲ, ಅಷ್ಟು ನಿಧಾನ.
ಎದುರಂಗಡಿಯ ಶೆಮ್ಸೆತ್ತಿನ್ ಮೊನ್ನೆ ಕೇಳಿದ:
"ನಿನ್ನ ಕೋಟು ಯಾಕೋ ದೊಡ್ಡದಾಗಿದೆಯಲ್ಲ?"

ಬೆಲ್ಟಿನ ಬಾಲ ಈಗ ಬಕಲ್ ದಾಟಿ ಗೇಣುದ್ದ ನೇತಾಡುತ್ತದೆ.
ಕತ್ತರಿ ಕೈಯಲ್ಲೇ ಇದೆ, ಕತ್ತರಿಸಿಲ್ಲ.
ಬಂದ ದಾರಿ ಅದು, ಹಿಂದಿರುಗುವ ದಾರಿಯೂ ಅದೇ.
ಖಾಲಿ ತೂತುಗಳ ಸುತ್ತ ಹಳೆಯ ಭಾರ ಜಗ್ಗಿದ ಗುರುತು,
ತುಟಿಯ ಹಾಗೆ ಕೊಂಚ ಬಿರಿದು.
ಬೆಳಿಗ್ಗೆ ಬೆಲ್ಟು ಬಿಗಿಯುವಾಗ ಹೆಬ್ಬೆರಳಲ್ಲಿ ತಡವುತ್ತೇನೆ,
ಒಂದೊಂದನ್ನೇ.
ಆಮೇಲೆ ಕೂತು ತಿನ್ನುತ್ತೇನೆ.